ಬಾಗಿಲಲ್ಲಿ ಯಾರ ಚಪ್ಪಲಿ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಚಿಕ್ಕಂದಿನಲ್ಲಿ ಮನೆಯೊಳಗೆ ಪಟ್ಟ ಪಾಡು, ಮೂವತ್ತು ನಲವತ್ತು ದಾಟಿದರೂ ಬೆನ್ನು ಬಿಡದೇ ಇರುವುದು. ಹೆಸರು ಹಾಕಬೇಡಿ ಎಂದು ಎಲ್ಲರೂ ಬರೆದಿದ್ದಾರೆ, ಹಾಕಿಲ್ಲ. ಗುರುತು ಸಿಗುವಂಥ ವಿವರಗಳನ್ನೂ ತೆಗೆದಿದ್ದೇನೆ. ನಾನು ಡಾಕ್ಟರ್ ಅಲ್ಲ, 31 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಓದಿದ್ದು, ಕಂಡಿದ್ದು, ನನ್ನ ಮೈಮೇಲೇ ಹಾದುಹೋಗಿದ್ದು, ಇಷ್ಟರಿಂದ ಬರೆಯುತ್ತೇನೆ.

ಪ್ರಶ್ನೆ: ಅಕ್ಕೋರೇ, ನನಗೆ 36 ವರ್ಷ, ಬೆಟಗೇರಿಯಲ್ಲಿ ಮನೆ. ಅಪ್ಪ ದಿನಾ ಕುಡಿದು ಬರುತ್ತಿದ್ದರು. ಅವ್ವನಿಗೂ ಹೊಡೆತ, ನಮಗೂ ಹೊಡೆತ. ಮಗ್ಗದ ಕುಣಿಯೊಳಗೆ ಇಳಿದು ಅಡಗಿ ಕೂತ ರಾತ್ರಿಗಳು ಬಿಟ್ಟರೆ ಬೇರೆ ನೆನಪೇ ಇಲ್ಲ. ಈಗ ಒಳ್ಳೆಯ ಗಂಡ ಸಿಕ್ಕಿದ್ದಾರೆ, 8 ವರ್ಷದ ಮಗಳಿದ್ದಾಳೆ. ಮಲಗುವಾಗ ಅವಳದು ಒಂದೇ ಹಟ, 'ಅವ್ವಾ, ನೀ ಸಣ್ಣಾಕಿ ಇದ್ದಾಗಿನ ಕತಿ ಹೇಳು' ಅಂತ. ನನಗೆ ಬಾಯೇ ಬರುವುದಿಲ್ಲ. ಮೊನ್ನೆ ಸಿಟ್ಟಿಗೆದ್ದು ಬೈದುಬಿಟ್ಟೆ. ಮಗು ಗೋಡೆ ಕಡೆ ಮುಖ ಮಾಡಿ ಮಲಗಿತು. ಹೇಳುವಂಥ ಬಾಲ್ಯವೇ ಇಲ್ಲದವಳು ಏನು ಹೇಳಲಿ?

ಉತ್ತರ: ತಂಗೀ, ನಿನ್ನ ಪತ್ರ ಓದುತ್ತಿದ್ದಂತೆ ಕನ್ನಡದ ಒಂದು ಹಳೆಯ ಜನಪದ ಕತೆ ನೆನಪಾಯಿತು. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಯಾರ ಮುಂದೂ ಹಾಡಲಿಲ್ಲ. ಒಳಗೇ ಇದ್ದೂ ಇದ್ದೂ ಅವಕ್ಕೆ ಉಸಿರುಗಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಿದ್ದವು. ಕತೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸರ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿದ. ಯಾರು ಬಂದಾರ? ಯಾರೂ ಇಲ್ಲ. ಮತ್ತ ಈ ಚಪ್ಪಲಿ ಯಾರವು? ನನಗ ಗೊತ್ತಿಲ್ಲ. ಜಗಳ ಹತ್ತಿತು. ಅವನು ಕಂಬಳಿ ಹೊತ್ತುಕೊಂಡು ಹನುಮಪ್ಪನ ಗುಡಿಗೆ ಮಲಗಲು ಹೋದ. ಊರಿನ ದೀಪಗಳನ್ನು ಆರಿಸಿದ ಮೇಲೆ ಅವುಗಳ ಜ್ಯೋತಿಯೆಲ್ಲ ರಾತ್ರಿ ಆ ಗುಡಿಗೆ ಬಂದು ಕೂತು ಹರಟೆ ಹೊಡೆಯುತ್ತಿದ್ದವಂತೆ. ಇವರ ಮನೆಯ ಜ್ಯೋತಿ ತಡವಾಗಿ ಬಂದು, ಜಗಳ ಯಾಕೆ ಆಯಿತು, ಚಪ್ಪಲಿ ಯಾರದು, ಎಲ್ಲ ಹೇಳಿತು. ಗಂಡನ ಸಂಶಯ ಹೋಯಿತು. ಬೆಳಿಗ್ಗೆ ಮನೆಗೆ ಬಂದು, ನಿನ್ನ ಹತ್ತಿರ ಇದ್ದ ಆ ಕತೆ ಯಾವುದು ಹೇಳು ಅಂದ. ಯಾವ ಕತೆ, ಯಾವ ಹಾಡು, ಅಂದಳು ಅವಳು. ಮರೆತೇ ಹೋಗಿತ್ತು.

ಮೊನ್ನೆ ಮಗಳ ಮೇಲೆ ಬಿದ್ದ ನಿನ್ನ ಬೈಗುಳ ಆ ಚಪ್ಪಲಿ. ಅದು ಅವಳದಲ್ಲ, ನಿಜ ಹೇಳಬೇಕೆಂದರೆ ನಿನ್ನದೂ ಅಲ್ಲ. ನೀನು ಹೇಳದೇ ಇಟ್ಟುಕೊಂಡದ್ದು ಬೇರೆ ರೂಪದಲ್ಲಿ ಹೊರಗೆ ಬಂದು ಕೂತಿದೆ. ಅದಕ್ಕೇ ಮೊದಲು ಮಗಳ ಹತ್ತಿರ ಹೋಗು. 'ಅವತ್ತ ನಾ ಬೈದದ್ದು ನಿನ್ನ ತಪ್ಪಿಗಲ್ಲವ್ವಾ, ನನಗ ಏನೋ ನೆನಪಾಗಿ ಸಂಕಟ ಆತು' ಅಂತ ಹೇಳು. ನಮ್ಮ ದೊಡ್ಡವರು ಯಾರೂ ನಮಗೆ ಇಂಥ ಒಂದು ಮಾತು ಹೇಳಲಿಲ್ಲ, ಅಲ್ವಾ? ನಿನ್ನ ಮಗಳಿಗೆ ಅದು ಸಿಗಲಿ.

ಹೇಳುವಂಥದ್ದು ಏನೂ ಇಲ್ಲ ಎನ್ನುತ್ತೀ. ನಿನ್ನ ಪತ್ರದಲ್ಲೇ ಮಗ್ಗದ ಕುಣಿ ಇದೆ. ಅದರೊಳಗೆ ಕೂತಾಗ ತಲೆಯ ಮೇಲೆ ಹಾಸು ಕಾಣುತ್ತಿತ್ತೇ? ಯಾವ ಬಣ್ಣದ ನೂಲು? ಗಂಜಿಯ ವಾಸನೆ ಬರುತ್ತಿತ್ತೇ? ಲಾಳಿ ಕೈಗೆ ಸಿಕ್ಕರೆ ಆಟ ಆಡುತ್ತಿದ್ದೆಯಾ? ಪಕ್ಕದಲ್ಲಿ ತಮ್ಮನೋ ತಂಗಿಯೋ ಇದ್ದರೇ, ಅವರ ಬಾಯಿ ಮುಚ್ಚಿ ಹಿಡಿದವಳು ನೀನೇನಾ? ನೋಡು, ಇಷ್ಟು ಕೇಳಿದರೆ ಸಾಕು, ಒಂದು ಮಗು ಕಾಣಿಸುತ್ತದೆ. ಜಾಣ ಮಗು. ಮನೆಯಲ್ಲಿ ಎಲ್ಲಿ ಕೂತರೆ ಏಟು ತಪ್ಪುತ್ತದೆ ಎಂದು ತಾನೇ ಕಂಡುಕೊಂಡ ಮಗು. ಅದು ಬಾಲ್ಯವೇ. ಕಷ್ಟದ ಬಾಲ್ಯ, ಆದರೆ ಇಲ್ಲದ ಬಾಲ್ಯ ಅಲ್ಲ.

ಮಗಳಿಗೆ ಎಲ್ಲವನ್ನೂ ಹೇಳಬೇಡ. 8 ವರ್ಷದ ಮಗುವಿಗೆ ಹೊಡೆತದ ವಿವರ ಬೇಡ, ಅದು ಹೆದರಿಕೊಳ್ಳುತ್ತದೆ, ನಿನ್ನನ್ನು ಕಾಪಾಡಲು ಹೊರಡುತ್ತದೆ. 'ಒಂದೂರಾಗ ಒಬ್ಬ ಹುಡುಗಿ ಇದ್ಲು, ಆಕಿಗೆ ನೆಲದಾಗ ಒಂದು ಗುಟ್ಟಿನ ಅರಮನಿ ಇತ್ತು' ಅಂತ ಶುರು ಮಾಡು. ಆ ಹುಡುಗಿಗೆ ನಿನ್ನ ಹೆಸರು ಇಡಬೇಡ. ಅರಮನೆಯ ಮೇಲ್ಛಾವಣಿ ನೂಲಿನದು. ಹೊರಗೆ ಗುಡುಗು ಬರುತ್ತದೆ, ಹುಡುಗಿ ಎಳೆಗಳನ್ನು ಎಣಿಸುತ್ತಾಳೆ, ಎಣಿಸುತ್ತ ಎಣಿಸುತ್ತ ಗುಡುಗು ನಿಲ್ಲುತ್ತದೆ. ಇದರಲ್ಲಿ ಸುಳ್ಳು ಏನೂ ಇಲ್ಲ. ಹೀಗೆ ಬೇರೆಯವಳ ಕತೆಯಾಗಿ ಹೇಳುವಾಗ ನಾಲಿಗೆ ಸಡಿಲಾಗುತ್ತದೆ, ನನಗೆ ಇದು ಚೆನ್ನಾಗಿ ಗೊತ್ತು.

ನನಗೆ ಹೇಗೆ ಗೊತ್ತು ಅಂದರೆ, ನನಗೆ 6 ವರ್ಷ ಇದ್ದಾಗ ನಮ್ಮವ್ವ ತೀರಿಕೊಂಡಳು. ಸವಣೂರಿನಲ್ಲಿ ಸಂಬಂಧಿಕರೊಬ್ಬರ ಮನೆಯಲ್ಲಿ ಬೆಳೆದೆ. ಉಂಡ ರೊಟ್ಟಿಗೆ ಲೆಕ್ಕ ಇತ್ತು, ಅಳುವುದಕ್ಕೆ ಜಾಗ ಇರಲಿಲ್ಲ. ಓಣಿಯ ಕೊನೆಗೆ ಒಬ್ಬ ಆಯಿ ಇದ್ದಳು. ಸಂಜೆ ಕಟ್ಟೆಯ ಮೇಲೆ ಶೇಂಗಾ ಬುಟ್ಟಿ ಇಟ್ಟುಕೊಂಡು ಕಾಯಿ ಒಡೆಯುತ್ತ ಕತೆ ಹೇಳುವಳು. ಅವಳ ಕತೆಗಳಲ್ಲಿ ತಾಯಿ ಇಲ್ಲದ ಹುಡುಗಿ ಯಾವಾಗಲೂ ಇರುತ್ತಿದ್ದಳು. ಆ ಹುಡುಗಿಗೆ ನನ್ನ ಹೆಸರು ಯಾವತ್ತೂ ಇರಲಿಲ್ಲ, ಆದರೆ ಅದು ನಾನೇ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಕತೆ ಕೇಳುವಾಗ ಹೂಂ ಅನ್ನಬೇಕು, ಹೂಂ ನಿಂತರೆ ಕತೆ ನಿಲ್ಲುತ್ತದೆ, ನಮ್ಮ ಕಡೆ ಅದು ರೂಢಿ. ಕೆಲವು ದಿನ ಆಯಿ 'ಇವತ್ತ ನೀ ಹೇಳವಾ, ನಾ ಹೂಂ ಅಂತೀನಿ' ಅನ್ನುವಳು. ನಾನು ಆ ಹುಡುಗಿಯ ಕತೆ ಮುಂದುವರಿಸುತ್ತಿದ್ದೆ. ಇವತ್ತು ಆಕೆ ಹಸಿದಿದ್ದಳು, ಇವತ್ತು ಆಕೆಯ ಕೈ ಸುಟ್ಟಿತು. ಆಯಿ ಸಮಾಧಾನ ಹೇಳುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಹೂಂ. ಆಮ್ಯಾಲ? ಹೂಂ. ಕಾಯಿ ಒಡೆಯುವ ಸದ್ದು, ಹೂಂ. ನನ್ನ ಬದುಕನ್ನು ಉಳಿಸಿದ್ದು ಆ ಅಕ್ಷರ ಎಂದು ನಾನು ಮನಸಾರೆ ನಂಬಿದ್ದೇನೆ.

ಮಗಳಿಗೆ ಹೇಳಲಾಗದ ಭಾಗ ಉಳಿಯುತ್ತದಲ್ಲ, ಅದಕ್ಕೆ ದೊಡ್ಡವರೊಬ್ಬರ ಕಿವಿ ಬೇಕು. ಗಂಡ ಒಳ್ಳೆಯವರು ಎಂದು ಬರೆದಿದ್ದೀ. 'ಪರಿಹಾರ ಹೇಳಬ್ಯಾಡ್ರಿ, ಬರೇ ಕೇಳ್ರಿ' ಎಂದು ಮೊದಲೇ ಹೇಳಿ ಕೂರಿಸಿಕೋ. ಅದೂ ಆಗದಿದ್ದರೆ ಕಾಗದ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ವಿದ್ಯಾರ್ಥಿನಿ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಸತತ 4 ದಿನ, ದಿನಕ್ಕೆ 15 ನಿಮಿಷ, ಬದುಕಿನಲ್ಲಿ ಅತಿ ನೋವು ಕೊಟ್ಟ ಘಟನೆಯ ಬಗ್ಗೆ ಬರೆಸಿದರು. ನಡೆದದ್ದನ್ನೂ ಅದರ ಬಗ್ಗೆ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ದವಾಖಾನೆಗೆ ಹೋದದ್ದು ಕಡಿಮೆ. ಆದರೆ ಇದನ್ನು ಗಮನಿಸು, ಬರೆದು ಎದ್ದ ಕೂಡಲೇ ಅವರಿಗೆ ಹಗುರ ಅನಿಸಿರಲಿಲ್ಲ, ಮನಸ್ಸು ಮೊದಲಿಗಿಂತ ಭಾರವಾಗಿತ್ತು. ಅದಕ್ಕೇ ಮೊದಲ ದಿನ ಅಳು ಬಂತು ಎಂದು ಪೆನ್ನು ಎಸೆಯಬೇಡ. ಅವರದೇ ಮುಂದಿನ ಕೆಲಸದಿಂದ ಇನ್ನೊಂದು ತಿಳಿಯಿತು. ದಿನ ಕಳೆದಂತೆ ಯಾರ ಬರವಣಿಗೆಯಲ್ಲಿ 'ಯಾಕಂದರೆ', 'ಈಗ ಗೊತ್ತಾಗುತ್ತಿದೆ' ಎಂಬಂಥ ಮಾತು ಹೆಚ್ಚುತ್ತ ಹೋಯಿತೋ ಅವರಿಗೇ ಹೆಚ್ಚು ಉಪಯೋಗ. ಚೂರುಚೂರಾದ ನೆನಪು ಕತೆಯಾಗುವುದು ಅಂದರೆ ಇದೇ. ಬರೆಯುವಾಗ ಕೈಕಾಲು ನಡುಗಿದರೆ, ಇದನ್ನು ಬರೆದರೆ ನಾನು ಉಳಿಯುವುದಿಲ್ಲ ಅನಿಸಿದರೆ ಅಲ್ಲಿಗೇ ನಿಲ್ಲಿಸು, ಬೇರೆ ವಿಷಯ ಬರೆ. ಅಂಥ ಭಾಗಕ್ಕೆ ಕಲಿತವರ ಜೊತೆ ಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ, ಗದಗಿನಿಂದ ಬಸ್ಸಿಗೆ ಕೂತರೆ ಹೋಗಿ ಬರುವ ದೂರ. ಫೋನಿನಲ್ಲೇ ಮಾತಾಡಬೇಕೆಂದರೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಕ್ಕೋರ, ನಮಸ್ಕಾರ. ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇದೆ, ವಯಸ್ಸು 29. ಚಿಕ್ಕಂದಿನಲ್ಲಿ ಹಾಸ್ಟೆಲಿನಲ್ಲಿದ್ದೆ, ಅಲ್ಲಿ ಬೆಲ್ಟಿನ ಏಟು ದಿನದ ಊಟ ಇದ್ದಂಗೆ. ಗೆಳೆಯರ ನಡುವೆ ಅದನ್ನೇ ಮಿಮಿಕ್ರಿ ಮಾಡಿ ತೋರಿಸುತ್ತೇನೆ, ಬಿದ್ದು ಬಿದ್ದು ನಗುತ್ತಾರೆ. ನಗು ಔಷಧಿ ಅಂತಾರಲ್ಲ? ಆದರೆ ಹೆಂಡತಿ ಮೊನ್ನೆ 'ಒಂದ ಸಲನಾದ್ರೂ ನನ್ನ ಜೋಡಿ ನಿಜ ಮಾತಾಡ್ರಿ' ಅಂತ ಅತ್ತುಬಿಟ್ಟಳು. ನಗಿಸೋದು ತಪ್ಪಾ?

ಉತ್ತರ: ತಪ್ಪಲ್ಲ ತಮ್ಮಾ. ಆ ಹಾಸ್ಟೆಲಿನಲ್ಲಿ ನಗಿಸಲು ಬರದಿದ್ದರೆ ನೀನು ಏನಾಗುತ್ತಿದ್ದೆಯೋ. ಏಟು ತಿನ್ನುವ ಮಕ್ಕಳು ಎದುರಿನವರ ಮುಖ ಓದುವುದನ್ನು ಬೇಗ ಕಲಿಯುತ್ತಾರೆ. ಸಿಟ್ಟು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಒಂದು ಚೇಷ್ಟೆ ಮಾಡಿ ಗಾಳಿ ಬದಲಿಸುತ್ತಾರೆ. ನನ್ನ ಕ್ಲಾಸಿನಲ್ಲಿ ಇಂಥ ಹುಡುಗರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಎಲ್ಲರಿಗಿಂತ ಜಾಸ್ತಿ ನಗಿಸುತ್ತಿದ್ದವನ ಅಂಗಿ ಎತ್ತಿ ನೋಡಿದರೆ ಬೆನ್ನಲ್ಲಿ ಬಾಸುಂಡೆ.

ಆದರೆ ನಗುವಿನಲ್ಲಿ ಬೇರೆ ಬೇರೆ ಜಾತಿ ಇವೆ. ರಾಡ್ ಮಾರ್ಟಿನ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 2003ರಲ್ಲಿ ಇದನ್ನು ನಾಲ್ಕಾಗಿ ವಿಂಗಡಿಸಿದರು. ಜನರನ್ನು ಹತ್ತಿರ ತರುವ ನಗು, ಕಷ್ಟದಲ್ಲಿ ನಮಗೆ ನಾವೇ ಧೈರ್ಯ ತಂದುಕೊಳ್ಳುವ ನಗು, ಬೇರೆಯವರನ್ನು ಚುಚ್ಚುವ ನಗು, ನಮ್ಮನ್ನೇ ತುಳಿದು ಬೇರೆಯವರನ್ನು ಖುಷಿಪಡಿಸುವ ನಗು. ಮೊದಲ ಎರಡು ಮನಸ್ಸಿಗೆ ಒಳ್ಳೆಯದು. ಕೊನೆಯದು ಖಿನ್ನತೆ, ಆತಂಕ ಇರುವವರಲ್ಲಿ ಜಾಸ್ತಿ ಕಾಣುತ್ತದೆ. ನಿನ್ನ ಮಿಮಿಕ್ರಿಯನ್ನು ನೀನೇ ಒಂದು ಸಲ ನೋಡಿಕೋ. ಅದರಲ್ಲಿ ಜನ ಯಾರನ್ನು ನೋಡಿ ನಗುತ್ತಾರೆ? ಬೆಲ್ಟ್ ಹಿಡಿದ ದೊಡ್ಡವನನ್ನೋ, ಏಟಿಗೆ ಕುಣಿಯುವ ಸಣ್ಣ ಹುಡುಗನನ್ನೋ? ಹುಡುಗನನ್ನು ನೋಡಿ ನಗುತ್ತಿದ್ದರೆ ಆ ಮಗುವನ್ನು ನೀನು ದಿನಾ ಮತ್ತೆ ಹೊಡೆತಕ್ಕೆ ಒಡ್ಡುತ್ತಿದ್ದೀ.

ನಮ್ಮ ದೊಡ್ಡಾಟದ ಸಾರಥಿಯನ್ನು ನೆನಪು ಮಾಡಿಕೋ. ಕಿರೀಟ, ಭುಜಕೀರ್ತಿ ಹೊತ್ತ ರಾಜ ರಂಗ ನಡುಗುವಂತೆ ಕುಣಿದು ಬರುತ್ತಾನೆ. ಸಾರಥಿ ಹೆದರುವುದಿಲ್ಲ. ತಾವ್ಯಾರು, ಯಾವೂರು, ಯಾಕೆ ಬಂದಿರಿ ಎಂದು ಕೇಳುತ್ತಾನೆ, ನಡುನಡುವೆ ಚೇಷ್ಟೆ ಮಾಡುತ್ತಾನೆ, ಆ ದೊಡ್ಡವರೆಲ್ಲ ಇವನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಬೆಲ್ಟ್ ಹಿಡಿದವನನ್ನು ನೀನೂ ಹಾಗೆ ನಿಲ್ಲಿಸಿ ಕೇಳಬಹುದು. ಆ ನಗು ಬೇರೆ. ಅದರಲ್ಲಿ ಹುಡುಗ ಎದ್ದು ನಿಲ್ಲುತ್ತಾನೆ.

ನಾನು ಬೆಳೆದ ಮನೆಯಲ್ಲಿ ಬೆಲ್ಲದ ಡಬ್ಬಿಗೆ ಕೀಲಿ ಇತ್ತು. ಇರುವೆ ಮಾತ್ರ ಕೀಲಿ ಇಲ್ಲದೆ ಒಳಗೆ ಹೋಗಿ ಬರುತ್ತಿದ್ದವು. ನಾನೂ ಆ ಮನೆಯ ಸಣ್ಣ ಹುಡುಗಿಯೂ ನೆಲದ ಮೇಲೆ ಬೋರಲು ಮಲಗಿ ಇರುವೆಗಳಿಗೆ 'ಬರೋವಾಗ ನಮಗೂ ಒಂದ ತುಣುಕು ತರ್ರಿ, ಮುಂದಿನ ತಿಂಗಳ ಕೊಡ್ತೀವಿ' ಎಂದು ಉದ್ರಿ ಕೇಳುತ್ತಿದ್ದೆವು. ಇವತ್ತಿಗೂ ಪಂಚಮಿಗೆ ಅವಳು ಸಿಕ್ಕರೆ ಉಂಡಿ ಕಟ್ಟುತ್ತ ಇದನ್ನು ನೆನೆಸಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತೇವೆ. ಆದರೆ ಈ ನಗು ಬಂದದ್ದು, ಒಂದು ಸಲ ಇಬ್ಬರೂ ಕೂತು ಆ ಮನೆಯ ಬಗ್ಗೆ ನಿಜ ಮಾತಾಡಿ ಅತ್ತ ಮೇಲೆ. ಅದಕ್ಕಿಂತ ಮೊದಲು ಇದೇ ಇರುವೆಯ ಮಾತು ಆಡಿ ನಕ್ಕಿದ್ದೆವು, ಆಗ ಎದೆಯಲ್ಲಿ ಏನೋ ಕಲ್ಲು ಕೂತಂತೆ ಇರುತ್ತಿತ್ತು.

ಮಿಮಿಕ್ರಿಗೆ ಹೂಂ ಅನ್ನಲು ಆಗುವುದಿಲ್ಲ ತಮ್ಮಾ, ಚಪ್ಪಾಳೆ ಹೊಡೆಯಬಹುದು ಅಷ್ಟೇ. ನಿನ್ನ ಹೆಂಡತಿ ಹೂಂ ಅನ್ನಲು ಜಾಗ ಕೇಳುತ್ತಿದ್ದಾಳೆ. ಇವತ್ತು ಅಂಗಡಿ ಮುಚ್ಚಿದ ಮೇಲೆ ಅವಳನ್ನು ಉಣಕಲ್ ಕೆರೆ ಕಡೆ ಕರೆದುಕೊಂಡು ಹೋಗು. ಎದುರು ಬದುರು ಕೂರಬೇಡ, ನೀರಿನ ಕಡೆ ಮುಖ ಮಾಡಿ ಪಕ್ಕ ಪಕ್ಕ ಕೂರಿ. ಮುಖ ಕಾಣದಿದ್ದರೆ ಚೇಷ್ಟೆ ಮಾಡುವ ಒತ್ತಾಯ ಕಡಿಮೆ. ಒಂದೇ ಒಂದು ಘಟನೆ, ದನಿ ಬದಲಿಸದೆ, ನಟನೆ ಇಲ್ಲದೆ, ಎರಡು ನಿಮಿಷ ಹೇಳು. ಹೇಳಿ ಮುಗಿಸಿದ ಮೇಲೆ ನಗು ಬಂದರೆ ನಗಿ, ಇಬ್ಬರೂ ನಗಿ.

ಪ್ರಶ್ನೆ: ರಾಣೆಬೆನ್ನೂರಿನವಳು, 41 ವರ್ಷ. ನನಗೆ ಬಾಲ್ಯದಲ್ಲಿ ಬಹಳ ಕೆಟ್ಟದ್ದು ಮಾಡಿದ ಹಿರಿಯರೊಬ್ಬರು ಈಗ ವಯಸ್ಸಾಗಿ ಮಲಗಿದ್ದಾರೆ. ದಸರೆ ಬಂದರೆ ಮನೆಯವರೆಲ್ಲ 'ಬನ್ನಿ ಕೊಟ್ಟು ಕಾಲಿಗೆ ಬೀಳು, ಎಲ್ಲಾ ಮರೆತುಬಿಡು' ಅಂತಾರೆ. ಕ್ಷಮಿಸದಿದ್ದರೆ ನನಗೆ ನೆಮ್ಮದಿ ಸಿಗುವುದಿಲ್ಲವೇ?

ಉತ್ತರ: ಕ್ಷಮಿಸಲೇಬೇಕು ಎಂದೇನೂ ಇಲ್ಲ. ಅದು ತಾನಾಗಿ ಬಂದರೆ ಬರಲಿ, ಬರದಿದ್ದರೆ ನೀವು ಕೆಟ್ಟವರಾಗುವುದಿಲ್ಲ. ಬನ್ನಿ ಕೊಡುವಾಗ ನಾವು ಏನು ಹೇಳುತ್ತೇವೆ? 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಅಂತ. ಇಬ್ಬರೂ ಬಂಗಾರದಂತೆ ಇರೋಣ ಎಂಬ ಮಾತು ಅದು. ಅವರು ತಪ್ಪಾಯಿತು ಎಂದು ಒಂದು ಸಲವೂ ಹೇಳದೆ, ನೀವೊಬ್ಬರೇ ಹೇಗೆ ಆ ಮಾತು ಆಡುತ್ತೀರಿ? ಈ ದಸರೆಗೆ ನಿಮಗೆ ಯಾರು ಆಸರೆಯಾಗಿದ್ದರೋ ಅವರ ಮನೆಗೆ ಬನ್ನಿ ತಗೊಂಡು ಹೋಗಿ. ಯಾರಾದರೂ ಕೇಳಿದರೆ 'ನನಗ ಆಗೂದಿಲ್ಲ' ಎಂಬ ಎರಡು ಶಬ್ದ ಸಾಕು, ಕಾರಣ ಕೊಡುವ ಅಗತ್ಯ ಇಲ್ಲ. ಮತ್ತೆ ಆ ಮನೆಯಲ್ಲಿ ಈಗ ಸಣ್ಣ ಮಕ್ಕಳಿದ್ದರೆ ಅವರನ್ನು ಆ ವ್ಯಕ್ತಿಯ ಹತ್ತಿರ ಒಂಟಿಯಾಗಿ ಬಿಡಬೇಡಿ ಎಂದು ಅವರ ತಾಯಂದಿರಿಗೆ ಹೇಳಿ. ಇದು ಕ್ಷಮೆಗಿಂತ ದೊಡ್ಡ ಕೆಲಸ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತೇನೆ, 26 ವರ್ಷ. ತಂದೆ ತಾಯಿ ಜಗಳವಾಡಿ ಬೇರೆಯಾದರು, ನಾನು ಮೂರು ಮನೆ ಬದಲಿಸಿ ಬೆಳೆದೆ. ಈಗಲೂ ಬಾಗಿಲು ಜೋರಾಗಿ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ. ಕೌನ್ಸೆಲರ್ ಹತ್ತಿರ ಹೋದರೆ 'ನಿಸರ್ಗದ ಜೊತೆ ಸಮಯ ಕಳೆಯಿರಿ' ಅಂದರು. ಕಾಡು ಬೆಟ್ಟ ಸುತ್ತಲು ನಮ್ಮಂಥವರಿಗೆ ರಜೆ ಎಲ್ಲಿದೆ, ದುಡ್ಡು ಎಲ್ಲಿದೆ? ಇದು ಉಳ್ಳವರ ಔಷಧಿ ಅಲ್ವಾ ಅಕ್ಕೋರೇ? ಒಂದು ವಾರ ಚೆನ್ನಾಗಿದ್ದೆ, ಮತ್ತೆ ಕುಸಿದೆ.

ಉತ್ತರ: ಅಲ್ಲ ತಮ್ಮಾ. ಒಂದು ಕಿಟಕಿ ಇದ್ದರೂ ಸಾಕು ಎಂಬುದಕ್ಕೆ ಸಾಕ್ಷಿ ಇದೆ. ರಾಜರ್ ಉಲ್ರಿಚ್ ಎಂಬವರು 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ಹಿಡಿದು ಲೆಕ್ಕ ಹಾಕಿದರು. ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಯಲ್ಲಿ ಮರ ಕಾಣುತ್ತಿತ್ತು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ನೋಡಿದವರು ಬೇಗ ಮನೆಗೆ ಹೋದರು, ನೋವು ಇಳಿಸುವ ಜೋರಾದ ಔಷಧಿ ಕಡಿಮೆ ತಗೊಂಡರು. ಇನ್ನು ಸಮಯದ ಮಾತು. ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2019ರಲ್ಲಿ ಬಂತು. ವಾರಕ್ಕೆ 120 ನಿಮಿಷ ಹೊರಗೆ ಹಸಿರಲ್ಲಿ, ನೀರಿನ ಹತ್ತಿರ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಒಂದೇ ಸಲ ಕಳೆದರೂ ಸರಿ, ಚೂರು ಚೂರಾಗಿ ಕಳೆದರೂ ಸರಿ, ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ 17, 18 ನಿಮಿಷ ಆಯಿತು. ಚಹಾ ಕುಡಿಯುವ ಹೊತ್ತು.

ಬಾಗಿಲಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು ನಿನ್ನ ದುರ್ಬಲತೆ ಅಲ್ಲ. ಸಣ್ಣವನಿದ್ದಾಗ ಬಾಗಿಲಿನ ಸದ್ದು ಅಂದರೆ ಜಗಳ ಶುರು ಎಂದರ್ಥ ಇತ್ತು. ಮೈ ಅದನ್ನು ಕಲಿತುಕೊಂಡಿತು, ಇನ್ನೂ ಕಾವಲು ಕಾಯುತ್ತಿದೆ. ಮನಸ್ಸಿಗೆ 'ಈಗ ಏನೂ ಇಲ್ಲ' ಎಂದು ಹೇಳಿದರೆ ಮೈ ನಂಬುವುದಿಲ್ಲ. ಮೈಗೆ ಮೈಯ ಭಾಷೆಯಲ್ಲೇ ಹೇಳಬೇಕು. ನಿನ್ನೂರಿನಿಂದ ರಾಣೆಬೆನ್ನೂರು ಎಷ್ಟು ದೂರ? ಅಲ್ಲಿ 1974ರಿಂದ ಕೃಷ್ಣಮೃಗ ಅಭಯಾರಣ್ಯ ಇದೆ. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟಿದ್ದಾರಲ್ಲ, ಆ ಚಿಗರಿ. ಒಂದು ರವಿವಾರ ಹೋಗಿ ನೋಡು. ಸದ್ದಾದರೆ ಗುಂಪೇ ಎದ್ದು ಹಾರಿ ಓಡುತ್ತದೆ. ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನೋಡುತ್ತದೆ, ಕಿವಿ ಆಡಿಸುತ್ತದೆ, ಏನೂ ಇಲ್ಲ ಎಂದಾದರೆ ತಲೆ ತಗ್ಗಿಸಿ ಮತ್ತೆ ಮೇಯುತ್ತದೆ. ಅಂಜಿಕೆ ಇಲ್ಲದ ಪ್ರಾಣಿ ಅಲ್ಲ ಅದು. ಅಂಜಿಕೆಯಿಂದ ಮೇವಿಗೆ ತಿರುಗಿ ಬರಲು ಅದಕ್ಕೆ ಗೊತ್ತಿದೆ. ನಮಗೆ ಮರೆತುಹೋಗಿದ್ದು ಅದೇ.

ನನಗೆ ಸಣ್ಣವಳಿದ್ದಾಗ ಇದ್ದದ್ದು ಒಂದು ಮರ. ಸವಣೂರಿನ ಮಠದ ಆವರಣದ ದೊಡ್ಡ ಹುಣಸೆ. ಹೆಸರು ಹುಣಸೆ ಎಂದಿದ್ದರೂ ಅದು ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಹತ್ತು ಹನ್ನೆರಡು ಮಕ್ಕಳು ಕೈ ಹಿಡಿದು ನಿಂತರೆ ಸುತ್ತು ಮುಗಿಯಬಹುದು, ಅಷ್ಟು ದಪ್ಪ. ಮನೆಯಲ್ಲಿ ಬೈಗುಳ ಬಿದ್ದ ದಿನ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಮರ ಏನೂ ಮಾಡುತ್ತಿರಲಿಲ್ಲ. ನನ್ನ ಬೆನ್ನ ಹಿಂದಿನಿಂದ ಯಾರೂ ಬರಲಾರರು ಎಂಬುದಷ್ಟೇ ಗೊತ್ತಿರುತ್ತಿತ್ತು. ಆ ಕಾಲು ಗಂಟೆ ನನ್ನ ಮೈ ಕಾವಲು ಬಿಡುತ್ತಿತ್ತು. ಎಷ್ಟೋ ವರ್ಷದ ಮೇಲೆ ಇದೆಲ್ಲ ಓದಿದಾಗ ತಿಳಿಯಿತು, ಅದು ನನ್ನ ಚಿಕಿತ್ಸೆಯಾಗಿತ್ತು ಅಂತ.

ಮುಂದೆ ಶಿರಹಟ್ಟಿ ಕಡೆ ವರ್ಗವಾಗಿ ಹೋದಾಗ ಮಾಗಡಿ ಕೆರೆ ಸಿಕ್ಕಿತು. ಚಳಿಗಾಲಕ್ಕೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ. ಹೊಲಗಳಿಗೆ ಮೇಯಲು ಹೋಗಿ ಕೆರೆಗೆ ಹಿಂತಿರುಗುತ್ತವೆ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಗೂ ಸೇರಿತು. ಬೆಳಕು ಹರಿಯುವಾಗ ಅವು ಸಾಲಾಗಿ ಕೂಗುತ್ತ ಬಂದು ನೀರಿಗೆ ಇಳಿಯುವುದನ್ನು ಒಂದು ಸಲ ನೋಡು, ಲೆಕ್ಕದ ಪುಸ್ತಕ, ಮೂರು ಮನೆ, ಬಾಗಿಲಿನ ಸದ್ದು, ಎಲ್ಲ ಸ್ವಲ್ಪ ಹೊತ್ತು ದೂರ ನಿಲ್ಲುತ್ತವೆ. ಈ ಹಕ್ಕಿಗಳ ಬಗ್ಗೆ 2015ರಲ್ಲಿ ಒಂದು ಒಳ್ಳೆಯ ಸಂಶೋಧನೆ ಪ್ರಕಟವಾಯಿತು. ಹಿಮಾಲಯ ದಾಟುವಾಗ ಒಂದೇ ಎತ್ತರಕ್ಕೆ ಏರಿ ಅಲ್ಲೇ ಇದ್ದು ನೇರ ಹೋಗುತ್ತವೆ ಎಂದುಕೊಂಡಿದ್ದರು. ಮೈಯೊಳಗೆ ಯಂತ್ರ ಇಟ್ಟು ನೋಡಿದರೆ ಹಾಗಲ್ಲ. ಗುಡ್ಡ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿದುಬಿಡುತ್ತವೆ, ಗಳಿಸಿದ ಎತ್ತರ ಹೋಯಿತಲ್ಲ ಎಂದು ನೋಡುವುದಿಲ್ಲ, ಮತ್ತೆ ಏರುತ್ತವೆ. ತೆಳುವಾದ ಗಾಳಿಯಲ್ಲಿ ಮೇಲೇ ಉಳಿಯುವುದಕ್ಕಿಂತ ಇದಕ್ಕೆ ಶಕ್ತಿ ಕಡಿಮೆ ಸಾಕು. ಒಂದು ವಾರ ಚೆನ್ನಾಗಿದ್ದು ಮತ್ತೆ ಕುಸಿದೆ ಎಂದು ನೀನು ಪತ್ರದ ಕೊನೆಗೆ ಬರೆದಿದ್ದೀಯಲ್ಲ, ಅದಕ್ಕೇ ಇದನ್ನು ಹೇಳಿದೆ.

ದಿನಕ್ಕೆ ಬೇಕಾದದ್ದು ಇಷ್ಟೇ. ಪೇಟೆಯ ಹತ್ತಿರ ಒಂದು ಬೇವಿನ ಮರ ಗುರುತು ಮಾಡಿಕೋ. ಫೋನ್ ಒಳಗಿಡು. ಬೆನ್ನು ಮರಕ್ಕೆ ಕೊಡು. ಎಷ್ಟು ಬಗೆಯ ಸದ್ದು ಕೇಳುತ್ತದೆ ಎಣಿಸು, ಅಳಿಲು, ಗುಬ್ಬಿ, ಹಮಾಲರ ಕೂಗು, ಲಾರಿ ಹಾರನ್, ಎಲ್ಲಾ ಸೇರಿಸಿ. ಕೌನ್ಸೆಲರ್ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡ, ಮರ ಅದರ ಬದಲಿಗೆ ಅಲ್ಲ, ಅದರ ಜೊತೆಗೆ. ಮತ್ತೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ನಾನು ಧಾರವಾಡದವಳು, ವಯಸ್ಸು 52. ನಮ್ಮ ಪಕ್ಕದ ಮನೆಯಲ್ಲಿ 9 ವರ್ಷದ ಹುಡುಗ. ರಾತ್ರಿ ಅವನಿಗೆ ಹೊಡೆಯುವ ಸದ್ದು ಗೋಡೆಯಾಚೆ ಕೇಳುತ್ತದೆ. ಸಂಜೆ ಸುಮ್ನೆ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾನೆ, ಮಾತಿಲ್ಲ. 'ಮಂದಿ ಮನಿ ಉಸಾಬರಿ ನಮಗ್ಯಾಕ' ಅಂತಾರೆ ನಮ್ಮ ಮನೆಯವರು. ನಾನು ಏನಾದರೂ ಮಾಡಬಹುದೇ?

ಉತ್ತರ: ಮಾಡಬೇಕು ರೀ. ಮೊದಲು 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ನಿಮ್ಮ ಹೆಸರು ಹೊರಗೆ ಬರಬಾರದು ಎಂದು ಅವರಿಗೇ ಹೇಳಿ. ಹುಡುಗನ ಪ್ರಾಣಕ್ಕೆ ಅಪಾಯ ಅನಿಸಿದ ರಾತ್ರಿ 112.

ನಿಮ್ಮ ಯಜಮಾನರಿಗೆ ಈ ಎರಡು ವಿಷಯ ಓದಿ ಹೇಳಿ. ಅಮೆರಿಕದಲ್ಲಿ 17 ಸಾವಿರಕ್ಕೂ ಹೆಚ್ಚು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿ ಮಾಡಿದ ಅಧ್ಯಯನದ ಮೊದಲ ವರದಿ 1998ರಲ್ಲಿ ಬಂತು. ಮನೆಯೊಳಗೆ ಹೊಡೆತ, ಕುಡಿತ, ಅವಮಾನ ಎಷ್ಟು ಬಗೆಯಲ್ಲಿ ಕಂಡಿದ್ದರೋ, ದೊಡ್ಡವರಾದ ಮೇಲೆ ಖಿನ್ನತೆ, ಚಟ, ಹೃದಯದ ರೋಗ ಕೂಡ ಅಷ್ಟಷ್ಟು ಹೆಚ್ಚಾಗಿದ್ದವು. ಗೋಡೆಯಾಚೆ ಕೇಳುವ ಸದ್ದು ಆ ರಾತ್ರಿಗೇ ಮುಗಿಯುವುದಿಲ್ಲ. ಇನ್ನೊಂದು ಎಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರು ದಶಕಗಟ್ಟಲೆ ಹಿಂಬಾಲಿಸಿ ನೋಡಿದರು. ಬಡತನ, ಜಗಳ, ಕುಡಿತದ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಗಟ್ಟಿಯಾದ, ಪ್ರೀತಿಯುಳ್ಳ ದೊಡ್ಡವರಾದರು. ಅವರಲ್ಲಿ ಕಂಡ ಒಂದು ಮುಖ್ಯ ವಿಷಯ, ಅವರಿಗೆ ಕಡೇಪಕ್ಷ ಒಬ್ಬ ದೊಡ್ಡವರ ಆಸರೆ ಇತ್ತು. ತಂದೆ ತಾಯಿಯೇ ಆಗಬೇಕಿರಲಿಲ್ಲ. ಅಜ್ಜಿ, ಶಿಕ್ಷಕರು, ನೆರೆಮನೆಯವರು, ಯಾರಾದರೂ ಒಬ್ಬರು.

ಆ ಹುಡುಗ ಓಣಿಯಲ್ಲಿ ಅಷ್ಟು ಕಟ್ಟೆ ಬಿಟ್ಟು ನಿಮ್ಮ ಕಟ್ಟೆಗೇ ಬಂದು ಕೂರುತ್ತಾನೆ ಎಂದು ಬರೆದಿರಿ. ಅವನು ಆರಿಸಿಕೊಂಡಿದ್ದಾನೆ. ಮನೆಯಲ್ಲಿ ಏನಾಯಿತು ಎಂದು ಕೆದಕಬೇಡಿ, ಅವನ ಅಪ್ಪನನ್ನು ಅವನ ಮುಂದೆ ಬೈಯಬೇಡಿ. ನಾಳೆ ಸಂಜೆ ಅವನು ಬಂದಾಗ ಶೇಂಗಾ ಬುಟ್ಟಿ ಹೊರಗೆ ತಂದು ಇಬ್ಬರ ನಡುವೆ ಇಡಿ. ಕೈಗೆ ಕೆಲಸ ಇದ್ದರೆ ಬಾಯಿಗೆ ಸುಲಭ. ನಿಮಗೆ ಗೊತ್ತಿರುವ ಯಾವುದಾದರೂ ನಗೆ ಬರುವ ಕತೆ ಶುರು ಮಾಡಿ, ನರಿಯದ್ದೋ, ಕಾಗಕ್ಕ ಗುಬ್ಬಕ್ಕನದ್ದೋ. ಅವನು ಹೂಂ ಅನ್ನುವುದಕ್ಕೆ ಒಂದು ವಾರ ಹಿಡಿಯಬಹುದು, ಒಂದು ತಿಂಗಳೂ ಹಿಡಿಯಬಹುದು. ಮಾತಿಲ್ಲದೆ ಕಾಯಿ ಒಡೆಯುತ್ತ ಕೂತರೂ ಇರಲಿ. ಆಮೇಲೆ ಯಾವತ್ತೋ ಅವನೇ ಒಂದು ಕತೆ ಶುರು ಮಾಡುತ್ತಾನೆ, ಒಂದೂರಾಗ ಒಬ್ಬ ಹುಡುಗ ಇದ್ದ ಅಂತ. ಆಗ ಕೈ ನಿಲ್ಲಿಸಬೇಡಿ, ಮುಖ ಗಂಭೀರ ಮಾಡಬೇಡಿ. ಕಾಯಿ ಒಡೆಯುತ್ತಲೇ ಹೂಂ ಅನ್ನಿ.